ಫೋನಿನಲ್ಲಿ ಕಂಡದ್ದು ಕೇಳಿದ್ದೇ

ಅವರು ಫೋನನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು ಎಂದು ಮೊದಲ ಸಾಲು ಬರೆದೆ. ಬರೆದು ಹೊಡೆದುಹಾಕಿದೆ. ಎಡಗೈಯೋ ಬಲಗೈಯೋ ನನಗೆ ನಿಜವಾಗಿ ಗೊತ್ತಿಲ್ಲ. ವರ್ಷಗಟ್ಟಲೆ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತಿದ್ದೇವೆ, ಆದರೂ ಗೊತ್ತಿಲ್ಲ. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ಫೋನು ಎಂದರೆ ಚಿತ್ರ ಚೆನ್ನಾಗಿ ಕೂರುತ್ತದೆ. ಅಷ್ಟೇ ಕಾರಣಕ್ಕೆ ನೆನಪು ಅದನ್ನು ತಂದು ಕೈಗಿಟ್ಟಿತು. ಕೇಳಿದ್ದಕ್ಕಿಂತ ಚಂದ ಮಾಡಿ ಕೊಡುವ ಚಟ ಅದಕ್ಕೆ.

ಅವರು, ನಮ್ಮ ಶಾಲೆಯ ಮೂರನೇ ತರಗತಿಯ ಮೇಡಂ, ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಓದಲು ಎರಡು ಪುಟ ಬರೆದುಕೊಡಿ ಎಂದು ಶಾಲೆಯವರು ಹೇಳಿಕಳಿಸಿದ್ದರು. ನಾನು ಅಷ್ಟರಲ್ಲಿ ಹಡಗಲಿ ಕಡೆಗೆ ವರ್ಗವಾಗಿ ಬಂದಿದ್ದೆ. ಬರೆದೆ. ಓದಿ ನೋಡಿದರೆ ಅದರ ತುಂಬ 'ಸದಾ ಹಸನ್ಮುಖಿ', 'ಮಕ್ಕಳ ಅಚ್ಚುಮೆಚ್ಚಿನ' ಎನ್ನುವ ಮಾತುಗಳು. ಅವರು ಸದಾ ಹಸನ್ಮುಖಿ ಆಗಿರಲಿಲ್ಲ. ಕೂಡ್ಲಿಗಿಯಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಇಳಿದಾಗ ಅವರನ್ನು ಮಾತಾಡಿಸಲು ಹೆಡ್‌ಮಾಸ್ತರೇ ಹೆದರುತ್ತಿದ್ದರು. ಮಕ್ಕಳನ್ನು ಹೊಗಳುವುದು ಅಂದರೆ ಅವರಿಗೆ ಕೈಯಿಂದ ಏನೋ ಜಾರಿ ಹೋದಂತೆ. ಒಳ್ಳೆಯ ಉತ್ತರ ಬಂದರೆ "ಹೂಂ, ಮುಂದ" ಎನ್ನುವರು. ಆ ಎರಡು ಪುಟ ನಾನು ಕಳಿಸಲಿಲ್ಲ. ಇದು ಅದರ ಬದಲು ಬರೆದದ್ದು. ಇದನ್ನು ಓದಿದರೆ ಅವರು ಮೊದಲು ಕೇಳುವುದು ಒಂದೇ ಪ್ರಶ್ನೆ, ಹಾಗಾಗಿ ಆ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬರೆಯಬೇಕಾಗಿದೆ: ಸರ, ಇದು ಕಂಡದ್ದಾ, ಕೇಳಿದ್ದಾ?

ಕಾನಹೊಸಹಳ್ಳಿಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ನಾನು ಅಲ್ಲಿಗೆ ವಿಜ್ಞಾನದ ಮಾಸ್ತರನಾಗಿ ಹೋದಾಗ ಶಾಲೆಯ ವಾಟ್ಸಾಪ್ ಗ್ರೂಪು ಆಗಲೇ ಇತ್ತು. ಕೊರೋನಾ ಕಾಲದಲ್ಲಿ ಹುಟ್ಟಿಸಿದ್ದು, ಆಮೇಲೆ ಯಾರೂ ನೋಡಿಕೊಳ್ಳದೆ ಬಿಟ್ಟದ್ದು. ಸಂತೆ ಮುಗಿದ ಮಾರನೆಯ ದಿನದ ಬಯಲಿನ ಹಾಗಿತ್ತು. ಹೂವಿನ ಮೇಲೆ ಶುಭೋದಯ, ದೇವರ ಫೋಟೋ, ಯಾವುದೋ ರಾಜ್ಯದ ಬಸ್ಸಿನ ಅಪಘಾತ, ಹಳೇ ಟ್ರ್ಯಾಕ್ಟರ್ ಮಾರಾಟಕ್ಕಿದೆ. ಇವುಗಳ ನಡುವೆ ಎಲ್ಲೋ 'ನಾಳೆ ಶಾಲೆಗೆ ರಜೆ' ಎನ್ನುವ ಸಾಲು. ರಜೆಯ ಸುದ್ದಿ ಯಾರ ಕಣ್ಣಿಗೂ ಬೀಳದೆ ಮಕ್ಕಳು ಬಂದು ಗೇಟಿನ ಬೀಗ ನೋಡಿ ವಾಪಸ್ ಹೋಗುತ್ತಿದ್ದವು.

ಸಾಕಾಗಿ ಹೋದ ಹೆಡ್‌ಮಾಸ್ತರು ಗ್ರೂಪನ್ನು ಮೇಡಂಗೆ ಒಪ್ಪಿಸಿದರು. ಅವರು ಮಾಡಿದ ಮೊದಲ ಕೆಲಸ ಬೀಗ ಹಾಕಿದ್ದು. ಅಡ್ಮಿನ್ ಬಿಟ್ಟರೆ ಬೇರೆ ಯಾರೂ ಏನೂ ಹಾಕುವ ಹಾಗಿಲ್ಲ. ಸಂಜೆ, ಎಮ್ಮೆಗಳ ಹಾಲು ಕರೆದು ಮುಗಿಯುವ ಹೊತ್ತಿಗೆ, ಬೀಗ ತೆಗೆಯುತ್ತಿದ್ದರು. ತೆಗೆದ ಕೂಡಲೇ ಅವರ ದನಿ ಬರುತ್ತಿತ್ತು.

"ನಮಸ್ಕಾರ್ರಿ. ಬಾಗ್ಲ ತಗದೈತಿ, ಬರ್ರಿ."

ಊಟದ ಹೊತ್ತಿಗೆ ಮತ್ತೆ ಅದೇ ದನಿ: "ಬಾಗ್ಲ ಹಾಕ್ತೀನ್ರಿ. ಹೇಳೋದು ಉಳದಿದ್ರ ನಾಳಿಗೆ ಇಟಗೊಳ್ರಿ."

ಫೋನಿನ ಜತೆ ಮಾತಾಡುವಾಗ ಅವರು ತಲೆಯನ್ನು ಸ್ವಲ್ಪ ಮುಂದಕ್ಕೆ ಚಾಚಿ, ಹೊಸ್ತಿಲ ಆಚೆ ನಿಂತವರನ್ನು ಒಳಗೆ ಕರೆಯುವ ಹಾಗೆ ಹುಬ್ಬು ಏರಿಸುತ್ತಿದ್ದರು. ಇದು ಕಂಡದ್ದು. ಬಸ್ಸು ತಪ್ಪಿದ ಸಂಜೆಗಳಲ್ಲಿ ಶಾಲೆಯ ಕಟ್ಟೆಯ ಮೇಲೆ ಕೂತು ಎಷ್ಟೋ ಸಲ ಕಂಡಿದ್ದೇನೆ.

ಎಲ್ಲವೂ ದನಿಯಲ್ಲೇ. ಬರೆದು ಹಾಕುತ್ತಿರಲಿಲ್ಲ. "ಬರದ್ರ ಸಲೀಸು ಅಲ್ಲೇನ್ರಿ ಮೇಡಂ, ನಿಮ್ಮ ಗಂಟಲಾದರೂ ಉಳೀತೈತಿ" ಎಂದು ನಾನು ಒಮ್ಮೆ ಹೇಳಿದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

"ಅರ್ಧಕ್ಕರ್ಧ ತಾಯಂದ್ರಿಗೆ ಓದಾಕ ಬರಂಗಿಲ್ಲ ಸರ. ಬರದು ಹಾಕಿದ್ರ ಮಕ್ಕಳ ಕಡೆಯಿಂದ ಓದಸ್ತಾರ. ತಮ್ಮ ಮ್ಯಾಲಿನ ದೂರು ತಾವ ಓದಿ ಹೇಳ್ತಾವೇನ್ರಿ ಮಕ್ಕಳು?"

ಶುಭೋದಯದ ಹೂವುಗಳ ಕಥೆ ಬೇರೆ. ಗ್ರೂಪಿಗೆ ಬೀಗ ಬಿದ್ದ ಮೇಲೂ ಕೆಲವರು ನೇರವಾಗಿ ಅವರ ನಂಬರಿಗೇ ಹೂವು ಕಳಿಸುತ್ತಿದ್ದರು. ಒಬ್ಬ ತಂದೆ ದಿನಾ ತಪ್ಪದೆ ಗುಲಾಬಿ ಕಳಿಸುವವನು. ಒಂದು ಬೆಳಿಗ್ಗೆ ಹಾಜರಿ ಕರೆಯುತ್ತಾ ಕರೆಯುತ್ತಾ ಅವರು ಅಲ್ಲೇ ಫೋನು ತೆಗೆದು ಅವನಿಗೆ ಹೇಳಿದರು: "ಹೂವು ಬಂತ್ರಿ. ಮಗಳು ಬಂದಿಲ್ಲ." ಅರ್ಧ ತಾಸಿನೊಳಗೆ ಅವನು ಬೈಕಿನ ಹಿಂದೆ ಮಗಳನ್ನು ಕೂರಿಸಿಕೊಂಡು ಗೇಟಿನ ಹತ್ತಿರ ಬಂದ. ನನಗೆ ನೆನಪಿರುವ ಪ್ರಕಾರ ಅವನು ನಗುತ್ತಿದ್ದ. ಸಿಟ್ಟಿನಲ್ಲೂ ಇದ್ದಿರಬಹುದು. ಹೂವು ಮಾತ್ರ ಅಂದಿಗೆ ನಿಂತಿತು.

ಮೇಲಿನವರ ಗ್ರೂಪು ಒಂದಿತ್ತು. ಅಧಿಕಾರಿಗಳು, ಎಲ್ಲ ಶಾಲೆಗಳ ಮಾಸ್ತರುಗಳು ಇರುವಂಥದ್ದು. ಅಲ್ಲಿ ಗಿಡ ನೆಟ್ಟರೂ ಫೋಟೋ, ಮೊಟ್ಟೆ ಹಂಚಿದರೂ ಫೋಟೋ. ಗಿಡ ನೆಡುವುದಕ್ಕಿಂತ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಯಲು ಹೆಚ್ಚು ಹೊತ್ತು ಹೋಗುತ್ತಿತ್ತು. ಮೇಡಂ ಫೋಟೋ ಕಳಿಸುತ್ತಿದ್ದರು, ಇಲ್ಲ ಎನ್ನುತ್ತಿರಲಿಲ್ಲ. ಆದರೆ ಕೈಗಳು ಮಾತ್ರ. ಗಿಡದ ಸುತ್ತ ಮಣ್ಣು ಮೆತ್ತಿದ ಕೈಗಳು, ಮೊಟ್ಟೆ ಹಿಡಿದ ಕೈಗಳು, ಬಿಡಿಸಿದ ನಕ್ಷೆಯ ಮೇಲೆ ಇಟ್ಟ ಬೆರಳುಗಳು. ಒಬ್ಬ ಅಧಿಕಾರಿ ಫೋನು ಮಾಡಿದರು. ನಾನು ಎದುರಿಗೇ ಇದ್ದೆ.

"ಮೇಡಂ, ಮಕ್ಕಳ ಎಲ್ಲಿ ಅದಾರ?"

"ಸರ, ಆ ಕೈ ಮಕ್ಕಳವ."

"ಮುಖ ಬೇಕಲ್ಲಮ್ಮ."

"ಮುಖ ಸಾಲ್ಯಾಗ ಅದಾವ ಸರ, ಬಂದು ನೋಡ್ರಿ. ಫೋನಿಗೆ ಹೋದ ಮುಖ ಎಲ್ಲಿಗೆ ಹೋಕ್ಕಾವೋ ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅಧಿಕಾರಿ ನಕ್ಕರು ಎಂದು ಮೇಡಂ ಆಮೇಲೆ ಹೇಳಿದರು. ಬೈದರು ಎಂದು ಹೆಡ್‌ಮಾಸ್ತರು ಹೇಳಿದರು.

ಸಂಜೆ ಬಾಗಿಲು ತೆಗೆದಾಗ ದಿನಕ್ಕೊಂದು ಪ್ರಶ್ನೆ ಇಡುತ್ತಿದ್ದರು. ಮಕ್ಕಳಿಗಲ್ಲ, ಮನೆಯವರಿಗೆ. ರೊಟ್ಟಿ ಉಬ್ಬೋದು ಯಾಕ? ಶೇಂಗಾ ಕೀಳೋ ಹೊತ್ತು ಬಂತು ಅಂತ ಹೆಂಗ ಗೊತ್ತಾಗತೈತಿ? ಪಂಚರ್ ಎಲ್ಲಿ ಆಗೇತಿ ಅಂತ ನೀರಾಗ ಹೆಂಗ ಹುಡುಕ್ತಾರ? ಉತ್ತರವೂ ದನಿಯಲ್ಲೇ ಬರಬೇಕು. ಪಾಲಕರ ಸಭೆಯಲ್ಲಿ ಗೋಡೆಗೆ ಒರಗಿ ತುಟಿ ಬಿಚ್ಚದೆ ಹೋಗುವ ಗಂಡಸರು ಅಲ್ಲಿ ಮಾತಾಡಿದರು. ಕಾನಹೊಸಹಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ಒಬ್ಬ ತಂದೆಯ ಉತ್ತರದಲ್ಲಿ ಹೆದ್ದಾರಿಯ ಲಾರಿಗಳ ಹಾರನ್ನೇ ಹೆಚ್ಚು ಕೇಳುತ್ತಿತ್ತು. ಅವನ ಮಗ ಮರುದಿನ ತರಗತಿಯಲ್ಲಿ ಎದೆ ಸೆಟೆಸಿ ಕೂರುತ್ತಿದ್ದ. ರೊಟ್ಟಿಯ ಪ್ರಶ್ನೆಗೆ ಅತ್ತೆ ಸೊಸೆಯರ ನಡುವೆ ಗ್ರೂಪಿನಲ್ಲೇ ವಾದ ಬಿದ್ದು, ಮೇಡಂ ಬಾಗಿಲು ಹಾಕುವ ಹೊತ್ತನ್ನು ಅಂದು ಸ್ವಲ್ಪ ಮುಂದೆ ಹಾಕಿದರು. ಮರುದಿನ ನನ್ನ ವಿಜ್ಞಾನದ ಪಾಠಕ್ಕೆ ಆವಿ ಎಂದರೇನು ಎಂದು ಹೇಳಿಕೊಡುವ ಕೆಲಸವೇ ಉಳಿದಿರಲಿಲ್ಲ.

ಈ ಗ್ರೂಪಿನಲ್ಲಿ ಮಾತಾಡಲು ಒಂದೇ ಕಟ್ಟಳೆ. ಪ್ರಶ್ನೆಗೆ ಉತ್ತರವೋ, ಊರಿನ ಸುದ್ದಿಯೋ, ಯಾರ ಮೇಲಿನ ದೂರೋ, ಏನೇ ಇರಲಿ, 'ಕಂಡೀನಿ' ಅಥವಾ 'ಕೇಳೀನಿ' ಎಂದು ಶುರು ಮಾಡಬೇಕು. 'ಕಂಡೀನಿ' ಎಂದರೆ ಎಲ್ಲಿ, ಯಾವಾಗ ಎಂದು ಹೇಳಬೇಕು. 'ಕೇಳೀನಿ' ಎಂದರೆ ಯಾರಿಂದ ಎಂದು ಹೇಳಬೇಕು. ಹಾಗೆ ಶುರು ಮಾಡದ ಮಾತನ್ನು ಅವರು ಅಳಿಸಿಬಿಡುತ್ತಿದ್ದರು. ಶಾಲಾ ಸಮಿತಿಯ ಅಧ್ಯಕ್ಷರ ಮಾತನ್ನೂ ಅಳಿಸಿದ್ದುಂಟು.

ತರಗತಿಯಲ್ಲೂ ಇದೇ. "ಮೇಡಂ, ಇವ ನನ್ನ ಪೆನ್ನು ಕದ್ದಾನ" ಎಂದು ಹುಡುಗನೊಬ್ಬ ಎದ್ದರೆ ಇಡೀ ತರಗತಿ ಒಟ್ಟಿಗೆ ಕೂಗುತ್ತಿತ್ತು: "ಕಂಡದ್ದಾ, ಕೇಳಿದ್ದಾ?" ಹುಡುಗ ತಡವರಿಸುತ್ತಿದ್ದ. ಅಷ್ಟರಲ್ಲಿ ಪೆನ್ನು ಅವನದೇ ಚೀಲದಲ್ಲಿ ಸಿಗುತ್ತಿತ್ತು. ಪ್ರತಿ ಸಲವೂ ಸಿಗುತ್ತಿತ್ತೇ? ಇಲ್ಲ. ಸಿಕ್ಕದ್ದು ಮಾತ್ರ ನೆನಪಿದೆ.

ಈ ಕಟ್ಟಳೆ ಅವರಿಗೆ ಎಲ್ಲಿಂದ ಬಂತು ಎನ್ನುವುದಕ್ಕೆ ಎರಡು ಕಥೆ ಕೇಳಿದ್ದೇನೆ. ಇಟ್ಟಿಗಿಯಲ್ಲಿ ಅವರ ತವರಿನಲ್ಲಿ ಯಾವುದೋ ಸುಳ್ಳು ಮಾತಿನಿಂದ ಒಂದು ಮದುವೆ ಮುರಿದುಬಿತ್ತಂತೆ, ಅಂದಿನಿಂದ ಎಂದು ಒಬ್ಬರು. ಇಬ್ಬರು ಹುಡುಗರ ಜಗಳ ಬಿಡಿಸುವಾಗ ಬಾಯಿಗೆ ಬಂದದ್ದು, ಹಾಗೇ ಉಳಿಯಿತು ಎಂದು ಇನ್ನೊಬ್ಬರು. ಮೊದಲನೆಯದು ಬರವಣಿಗೆಗೆ ಚೆನ್ನಾಗಿದೆ. ಅದಕ್ಕೇ ನನಗೆ ಎರಡನೆಯದರ ಮೇಲೆ ನಂಬಿಕೆ.

ಒಂದು ಸಂಜೆ ಒಬ್ಬ ತಾಯಿ ಕೇಳಿದಳು: "ಮೇಡಮ್ಮಾರ, ಫೋನ್ನಾಗ ವಿಡಿಯೋ ಕಂಡ್ರ? ಅದು ಕಂಡೀನಿ ಅನಬೇಕೋ ಕೇಳೀನಿ ಅನಬೇಕೋ?"

ಉತ್ತರಕ್ಕೆ ಅವರು ಕ್ಷಣವೂ ತೆಗೆದುಕೊಳ್ಳಲಿಲ್ಲ. "ಫೋನ್ನಾಗ ಕಂಡದ್ದು ಕೇಳಿದ್ದು."

ಮರುದಿನ ಮಕ್ಕಳು ಅದನ್ನು ಪಾಠದ ಹಾಗೆ ಬಾಯಿಪಾಠ ಮಾಡಿಕೊಂಡು ಬಂದವು. ನಾನು ಸ್ಟಾಫ್ ರೂಮಿನಲ್ಲಿ ಚೇಷ್ಟೆ ಮಾಡಿದೆ.

"ಮೇಡಂ, ಇದು ಸಾಲೀನೋ ಕೋರ್ಟೋ?"

"ಕೋರ್ಟಿನ್ಯಾಗ ವಾಯ್ದೆ ಸಿಗತಾವ ಸರ, ತಾರೀಕು ಮುಂದ ಹಾಕ್ತಾರ," ಎಂದರು ಅವರು, ಡಬ್ಬಿಯ ಮುಚ್ಚಳ ತೆಗೆಯುತ್ತಾ. "ಗ್ರೂಪಿನ್ಯಾಗ ಸಿಗಂಗಿಲ್ಲ."

ಇನ್ನು ಮುಂದಿನದನ್ನು ನಾನು ಆದಷ್ಟು ಕಂಡ ಹಾಗೇ ಬರೆಯಬೇಕು.

ಆ ದಿನಗಳಲ್ಲಿ ಮಕ್ಕಳ ಕಳ್ಳರ ವಿಡಿಯೋ ಒಂದು ಎಲ್ಲರ ಫೋನಿನಲ್ಲೂ ತಿರುಗುತ್ತಿತ್ತು. ಯಾವ ಊರಿನದೋ, ಯಾವ ಭಾಷೆಯದೋ. ಬೈಕಿನ ಮೇಲೆ ಬಂದವನು ಮಗುವನ್ನು ಎತ್ತಿಕೊಂಡು ಹೋಗುವಂಥದ್ದು. ನಮ್ಮ ಗ್ರೂಪಿಗೆ ಅದು ಬರಲಿಲ್ಲ, ಬಾಗಿಲು ಹಾಕಿತ್ತಲ್ಲ. ಆದರೆ ಊರಿನ ಹುಡುಗರ ಗ್ರೂಪುಗಳು ಬೇರೆ ಇದ್ದವು, ಅಲ್ಲಿ ಬಾಗಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ.

ಮಧ್ಯಾಹ್ನದ ಊಟವಾಗಿ ತರಗತಿಗಳು ಶುರುವಾಗಿದ್ದವು. ಹೆಡ್‌ಮಾಸ್ತರು ಫೋನು ಹಿಡಿದುಕೊಂಡು ಮೇಡಂ ಅವರ ಮೂರನೇ ತರಗತಿಯ ಬಾಗಿಲಿಗೆ ಓಡಿಬಂದರು. ನಾನು ಪಕ್ಕದ ಕೋಣೆಯಿಂದ ಹೊರಗೆ ಬಂದೆ. ಫೋನಿನಲ್ಲಿ ಒಂದು ಫೋಟೋ. ಗಡ್ಡದ ಒಬ್ಬ ಮನುಷ್ಯ ಮೊಪೆಡ್ ಓಡಿಸುತ್ತಿದ್ದಾನೆ, ಮುಂದೆ ನಮ್ಮ ಶಾಲೆಯ ಸಮವಸ್ತ್ರದ ಒಂದು ಹುಡುಗಿ ಬಾಯಿ ತೆರೆದು ಅಳುತ್ತಿದೆ. ಕೆಳಗೆ, 'ಹುಡುಗಿಯನ್ನು ಒಯ್ದಿದ್ದಾನೆ, ಒಬ್ಬನೇ ವಾಪಸ್ ಬರುವಾಗ ಕ್ರಾಸಿನಲ್ಲಿ ಹಿಡಿದಿದ್ದೇವೆ, ಎಲ್ಲರೂ ಬನ್ನಿ.'

ಆ ಹುಡುಗಿ ಅವರ ತರಗತಿಯಲ್ಲೇ, ಎರಡನೇ ಸಾಲಿನಲ್ಲಿ, ಕೆಂಪು ಕಣ್ಣು ಮಾಡಿಕೊಂಡು ಮಗ್ಗಿ ಬರೆಯುತ್ತಾ ಕೂತಿದ್ದಳು. ಹೆಸರು ಸ್ಫೂರ್ತಿ. ಊಟಕ್ಕೆ ಮನೆಗೆ ಹೋಗಿದ್ದವಳು ಸ್ವಲ್ಪ ತಡವಾಗಿ ಬಂದಿದ್ದಳು.

"ಏ ಸ್ಫೂರ್ತಿ, ನಿನ್ನ ಸಾಲಿಗೆ ಬಿಟ್ಟು ಹೋದವರು ಯಾರವ್ವಾ?" ಎಂದು ಮೇಡಂ ಕೇಳಿದರು.

"ಮಿಷನ್ ಚಾಚಾ."

ಮಿಷನ್ ಚಾಚಾ ಎಂದರೆ ಕೊಟ್ಟೂರಿನಿಂದ ಹೊಲಿಗೆ ಮಿಷನ್ ರಿಪೇರಿಗೆ ಬರುವವರು. ಆ ಕಡೆಗೆ ಬರಲು ಶುರು ಮಾಡಿ ಬಹಳ ದಿನವಾಗಿರಲಿಲ್ಲ. ಊರಿನ ಹೆಂಗಸರಿಗೆಲ್ಲ ಗೊತ್ತಿದ್ದರು. ತಮ್ಮ ಮನೆಯ ಮಿಷನ್ನನ್ನು ಯಾರು ಸರಿಮಾಡುತ್ತಾರೆ ಎಂದು ಗಂಡಸರಿಗೆ ಗೊತ್ತಿರಲಿಲ್ಲ. ಕ್ರಾಸಿನಲ್ಲಿ ಕೂರುವವರು ಗಂಡಸರು.

ಹೆಡ್‌ಮಾಸ್ತರು ಹೇಳಿದರು: "ಮೇಡಂ, ಹುಡುಗೀದು ಒಂದು ಫೋಟೋ ಹೊಡೀರಿ. ಇಲ್ಲೇ ಅದಾಳ ಅಂತ ಹಾಕಿಬಿಡೋಣ. ಬಡೀತಾರ ಅವನ್ನ."

ಮೇಡಂ ಹುಡುಗಿಯ ಮುಂದೆ ಅಡ್ಡ ನಿಂತರು. ಇದು ನಾನು ಕಂಡದ್ದು. ಸೆರಗು ಹುಡುಗಿಯ ಮುಖಕ್ಕೆ ತಾಗುವಷ್ಟು ಹತ್ತಿರ ನಿಂತರು.

"ಒಂದು ಫೋಟೋದಿಂದ ಇಷ್ಟಾಗೇತಿ. ಇನ್ನೊಂದು ಹಾಕಿದ್ರ ಹಳೇದು ಹಾಕ್ಯಾರ ಅಂತಾರ. ನೀವು ಠಾಣೆಗೆ ಫೋನ್ ಮಾಡ್ರಿ ಸರ." ನನ್ನ ಕಡೆ ತಿರುಗಿ, "ನೀವು ಗಾಡಿ ತಗೀರಿ. ಕ್ರಾಸಿಗೆ ಹೋಗ್ರಿ. ಅಲ್ಲಿ ಹೋಗಿ ಭಾಷಣ ಮಾಡಬ್ಯಾಡ್ರಿ. ಆ ಮನಷಾನ ಬಾಜೂಕ ನಿಂದರ್ರಿ, ಅಷ್ಟ."

ನಾನು ಹೊರಟಾಗ ಅವರು ಫೋನನ್ನು ಬಾಯಿಯ ಹತ್ತಿರ ಹಿಡಿದು, ತಲೆ ಮುಂದಕ್ಕೆ ಚಾಚುತ್ತಿದ್ದರು.

ಕ್ರಾಸಿನಲ್ಲಿ ಚಹಾದ ಅಂಗಡಿಯ ಮುಂದೆ ಜನ ಗುಂಪುಗಟ್ಟಿದ್ದರು. ಎಷ್ಟು ಜನ? ಬಹಳ ಜನ ಎನ್ನಿಸಿತು. ಹೆದರಿದವನ ಲೆಕ್ಕ ನಂಬಬೇಡಿ. ನಡುವೆ ಚಾಚಾ ನೆಲದ ಮೇಲೆ ಕೂತಿದ್ದರು. ಅವರ ಚೀಲವನ್ನು ಯಾರೋ ಸುರಿದಿದ್ದರು. ಸ್ಕ್ರೂಡ್ರೈವರ್, ಎಣ್ಣೆಯ ಸಣ್ಣ ಡಬ್ಬಿ, ಚರ್ಮದ ಬೆಲ್ಟು, ಸೂಜಿಯ ಪೊಟ್ಟಣ ಮಣ್ಣಿನಲ್ಲಿ ಹರಡಿದ್ದವು. ಒಂದು ಕೆನ್ನೆ ಕೆಂಪಾಗಿತ್ತು. ಕೊಟ್ರೇಶ ಎನ್ನುವ ಹುಡುಗ ಅವರ ಅಂಗಿಯ ಕಾಲರು ಹಿಡಿದು ಬಗ್ಗಿದ್ದ. ನಮ್ಮದೇ ಶಾಲೆಯಲ್ಲಿ ಓದಿ ಹೋದವನು. ಈಗ ಅವನ ತಂಗಿ ಓದುತ್ತಾಳೆ, ಮನೆಯಲ್ಲಿ ಸ್ಮಾರ್ಟ್ ಫೋನ್ ಇರುವುದು ಇವನ ಹತ್ತಿರ, ಹಾಗಾಗಿ ಶಾಲೆಯ ಗ್ರೂಪಿನಲ್ಲೂ ಇವನೇ.

"ಹುಡುಗಿ ಎಲ್ಲಿ ಬಿಟ್ಟೀಯೋ? ಹೇಳಲೇ!"

"ಸಾಲಿಗೆ ಬಿಟ್ಟೀನಪ್ಪಾ. ಅಲ್ಲಾನ ಆಣೆ, ಸಾಲಿಗೆ ಬಿಟ್ಟೀನಿ."

"ಸುಳ್ಳು ಹೇಳ್ತಾನ! ಅಳಾಕ ಹತ್ತಿದ್ಲಲ್ಲ, ಕಾಣಂಗಿಲ್ಲೇನು ಫೋಟೋದಾಗ?"

ಹಿಂದಿನಿಂದ ಇನ್ನೊಬ್ಬ: "ಒಬ್ಬನ ಇರಂಗಿಲ್ಲ ಇವ್ರು. ಹಿಂದ ಗ್ಯಾಂಗ್ ಇರತೈತಿ."

'ಇವ್ರು' ಎಂದರೆ ಯಾರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಎಲ್ಲರೂ ಗಡ್ಡವನ್ನೇ ನೋಡುತ್ತಿದ್ದರು. ನಾನು ಜನರ ನಡುವೆ ತೂರಿಕೊಂಡು ಚಾಚಾನ ಪಕ್ಕ ನಿಂತೆ. ಹುಡುಗಿ ಶಾಲೆಯಲ್ಲಿದ್ದಾಳೆ ಎಂದು ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಯಾರೋ ನನ್ನ ಹೆಗಲಿಗೆ ಕೈಹಾಕಿ "ನೀವು ಆಚಿಕಡೆ ಬರ್ರಿ ಸರ" ಎಂದು ಎಳೆದರು. ಒಬ್ಬನ ಕೈಯಲ್ಲಿ ಕಟ್ಟಿಗೆ ಇತ್ತು.

ಆಗ ಫೋನುಗಳು ಮಾತಾಡಿದವು.

ಮೊದಲು ಒಂದು ಜೇಬಿನಿಂದ ಟಿಂಗ್ ಎಂದಿತು, ಆಮೇಲೆ ಇನ್ನೊಂದರಿಂದ, ಆಮೇಲೆ ಸುತ್ತಲೂ. ಕೆಲವರು ಅಭ್ಯಾಸದ ಬಲದಿಂದ ತೆಗೆದು ಒತ್ತಿದರು. ಅದೇ ದನಿ, ಅದೇ ಮಾತು, ಒಂದು ಫೋನಿನಿಂದ ಇನ್ನೊಂದಕ್ಕೆ ಒಂದು ಉಸಿರಿನಷ್ಟು ಹಿಂದೆಮುಂದೆ, ತರಗತಿಯಲ್ಲಿ ಮಕ್ಕಳು ಸರಿಯಾಗಿ ಕೂಡಿಸಿ ಹೇಳಲಾಗದ ಪದ್ಯದ ಹಾಗೆ.

"ನಮಸ್ಕಾರ್ರಿ. ಬಾಗ್ಲ ತಗದೈತಿ, ಬರ್ರಿ."

ಹಾಡುಹಗಲಿನಲ್ಲಿ ಆ ಬಾಗಿಲು ಎಂದೂ ತೆರೆದಿರಲಿಲ್ಲ. ಅದಕ್ಕೇ ಇರಬೇಕು, ಜನ ಫೋನಿನ ಕಡೆ ಬಗ್ಗಿದರು.

"ನಾ ಕಂಡೀನಿ. ಹಾಲಮ್ಮನ ಮಗಳು ನನ್ನ ಮುಂದ ಕುಂತು ಮಗ್ಗಿ ಬರಿಯಾಕ ಹತ್ಯಾಳ. ಈಗ ಕಂಡೀನಿ. ಕ್ರಾಸಿನ್ಯಾಗ ಇದ್ದವರು ಒಬ್ಬೊಬ್ಬರ ಹೇಳ್ರಿ. ಅವರು ಹುಡುಗೀನ ಒಯ್ಯೋದು ಕಂಡವರು ಯಾರು? ಕಂಡೀನಿ ಅಂತ ಶುರು ಮಾಡ್ರಿ. ಕೇಳೀನಿ ಅನ್ನವರು ಯಾರ ಕಡೆಯಿಂದ ಕೇಳೀರಿ ಅಂತ ಹೇಳ್ರಿ. ಹಾಲಮ್ಮಾ, ಎಲ್ಲದೀಯವ್ವಾ, ಮಾತಾಡು."

ಅಷ್ಟೇ. ಚಾಚಾ ಒಳ್ಳೆಯವರು ಎನ್ನಲಿಲ್ಲ, ಬಿಡಿ ಎನ್ನಲಿಲ್ಲ, ಪೊಲೀಸರು ಬರುತ್ತಾರೆ ಎಂದು ಹೆದರಿಸಲೂ ಇಲ್ಲ.

ಗ್ಯಾರೇಜಿನ ತಂದೆ ಅಲ್ಲೇ ಇದ್ದ, ಅವನೇ ಮೊದಲು ಬಾಯಿಬಿಟ್ಟ. "ನಾನರ ಕೇಳೀನಿ. ಫೋಟೋ ಬಂತು, ಬಂದೆ." ಪಕ್ಕದವನು, "ನಾನೂ ಕೇಳೀನಿ." ಮೂರನೆಯವನು ಕಟ್ಟಿಗೆ ಹಿಡಿದವನು. ಅವನು ಕಟ್ಟಿಗೆಯನ್ನು ನೆಲಕ್ಕೆ ಊರಿ ನಿಂತ. ಗ್ಯಾರೇಜಿನವನು ಕೊಟ್ರೇಶನನ್ನು ಕೇಳಿದ:

"ಲೇ ಕೊಟ್ರ್ಯಾ, ನೀ ಕಂಡೀಯೋ ಕೇಳೀಯೋ?"

"ಕಂಡೀನಿ!" ಎಂದು ಕೊಟ್ರೇಶ ಕೂಗಿದ.

"ಎಲ್ಲಿ?"

"ಫೋನ್ನಾಗ."

"ಅದು ಕೇಳಿದ್ದು!"

ಇಬ್ಬರು ಮೂವರು ಒಟ್ಟಿಗೆ ಹೇಳಿದರು. ಮೂರನೇ ತರಗತಿಯ ಮಕ್ಕಳು ಹೇಳುವ ಅದೇ ರಾಗದಲ್ಲಿ. ಹೇಳಿದ ಮೇಲೆ ಅವರಿಗೇ ನಾಚಿಕೆಯಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಹಿಂದೆ ಪಿಸಕ್ಕನೆ ನಕ್ಕರು. ಕೊಟ್ರೇಶನದು ಮಾಸ್ತರ ಮುಂದೆ ಲೆಕ್ಕ ತಪ್ಪಿದ ಹುಡುಗನ ಮುಖ. ಅವನ ಕೈ ಕಾಲರಿನಿಂದ ತಾನಾಗಿ ಕೆಳಗೆ ಬಂತು. ಇದನ್ನು ಕಂಡೆ. ಎಷ್ಟು ಹತ್ತಿರದಿಂದ ಎಂದರೆ ಬಿಟ್ಟ ಮೇಲೆ ಆ ಕಾಲರಿನಲ್ಲಿ ಉಳಿದ ಮುದುಡನ್ನೂ ಕಂಡೆ.

ಆಮೇಲೆ ಹಾಲಮ್ಮನ ದನಿ ಬಂತು. ಅವಳು ಸ್ಫೂರ್ತಿಯ ತಾಯಿ, ಮನೆಯಲ್ಲಿ ಜಂಪರು ಹೊಲಿಯುವವಳು. ಏದುಸಿರು ಬಿಡುತ್ತಿದ್ದಳು.

"ನಾ ಕಂಡೀನ್ರೀ ಅಣ್ಣಾರ! ನಾನ ನನ್ನ ಕೈಯಾರೆ ಕುಂದ್ರಿಸೀನಿ ಗಾಡಿ ಮ್ಯಾಲೆ. ಮಿಷನ್ ರಿಪೇರಿ ಮಾಡಿ ಹೊಂಟಿದ್ರು, ಹಾದ್ಯಾಗ ಸಾಲಿಗೆ ಬಿಟ್ಟುಹೋಗ್ರಿ ಚಾಚಾ ಅಂದೆ. ಅಳಾಕ ಯಾಕ ಹತ್ತಿದ್ಲು ಅಂದ್ರ, ಸಾಲಿಗೆ ಹೋಗಾಕ ಒಲ್ಲೆ ಅಂತ. ಲೆಕ್ಕ ಬರದಿರಲಿಲ್ಲ, ಮೇಡಮ್ಮಾರು ಬೈತಾರ ಅಂತ. ಆ ಮನಷಾನ ಮೈ ಮುಟ್ಟಬ್ಯಾಡ್ರೆಪ್ಪಾ, ನಿಮಗ ಕೈ ಮುಗೀತೀನಿ!"

ಈ ಸಲ ನಗು ಅಡಗಲಿಲ್ಲ. ಕದ್ದುಕೊಂಡು ಹೋಗಿ ಶಾಲೆಗೆ ಬಿಡುವ ಕಳ್ಳ. ಚಹಾದ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ನಾನೂ ಚಾಚಾನ ಪಕ್ಕ ಮಣ್ಣಿನಲ್ಲೇ ಕೂತೆ. ಜನ ಸ್ಕ್ರೂಡ್ರೈವರುಗಳನ್ನು ಹೆಕ್ಕಿ ಒರೆಸಿ ಚೀಲಕ್ಕೆ ಹಾಕತೊಡಗಿದರು. ಸೂಜಿಗಳನ್ನು ಮಣ್ಣಿನಿಂದ ಹುಡುಕುತ್ತಿದ್ದವನು ಆ ಕಟ್ಟಿಗೆಯವನು. ಪೊಲೀಸರು ಬಂದಾಗ ಎಲ್ಲರೂ ಚಹಾ ಕುಡಿಯುತ್ತಿದ್ದರು.

ಚಾಚಾ ಮಾತ್ರ ನಗಲಿಲ್ಲ. ಚಹಾ ಕುಡಿದರು, ಲೋಟ ಇಟ್ಟರು, ಮೊಪೆಡ್ ಹತ್ತುವ ಮುಂಚೆ ನನಗೆ ಹೇಳಿದರು: "ಈ ಕಡೆ ಇನ್ನ ಬರಂಗಿಲ್ಲ ಸರ. ಕೊಟ್ಟೂರಾಗ ಮಿಷನ್ ಬೇಕಾದಷ್ಟು ಅದಾವ."

ಶಾಲೆಗೆ ಬಂದು ಎಲ್ಲ ಹೇಳಿದೆ. ಮೇಡಂ ಕುರ್ಚಿಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡು ಕೇಳಿದರು. ಉಸಿರು ಬಿಟ್ಟರು. ನೀರು ಕುಡಿದರು. ಚಾಚಾ ಹೇಳಿದ ಮಾತಿಗೆ ಮಾತ್ರ ಕಣ್ಣು ತೆರೆದರು.

"ಜೀವ ಉಳೀತು ಸರ. ಆದ್ರ ಆ ಮನಷಾನ ಹಾದಿ ಹೋತಲ್ಲ."

ಮರುದಿನ ಹಾಲಮ್ಮನಿಂದ ಚಾಚಾರ ನಂಬರು ಪಡೆದು ಮೇಡಂ ತಾವೇ ಫೋನು ಮಾಡಿದರು. ಕ್ಷಮೆ ಕೇಳಿದರೇ? ಇಲ್ಲ, ನಾನು ಕೇಳಿಸಿಕೊಂಡದ್ದರಲ್ಲಿ ಕ್ಷಮೆಯ ಮಾತು ಇರಲಿಲ್ಲ. "ಮಕ್ಕಳಿಗೆ ಒಂದು ಸಂದೇಹ ಐತ್ರಿ, ನಮ್ಮ ಗ್ರೂಪಿಗೆ ಬಂದು ನೀವ ಹೇಳಬೇಕು" ಎಂದರು. ನಮ್ಮ ಶಾಲೆಯಲ್ಲಿ ಮಗು ಇಲ್ಲದ ಒಬ್ಬರು ಆ ಗ್ರೂಪಿಗೆ ಸೇರಿದ್ದು ಅದೇ ಮೊದಲು.

ಸಂಜೆ ಬಾಗಿಲು ತೆರೆಯಿತು. ಪ್ರಶ್ನೆ: "ಕೈ ಸೂಜಿಗೆ ಕಣ್ಣು ಹಿಂದ ಇರತೈತಿ, ಮಿಷನ್ ಸೂಜಿಗೆ ತುದಿಯಾಗ ಇರತೈತಿ. ಯಾಕ? ಇದಕ್ಕ ಕೊಟ್ಟೂರಿನ ಚಾಚಾರ ಹೇಳ್ತಾರ, ಎಲ್ಲಾರೂ ಕೇಳ್ರಿ."

ಬಾಗಿಲು ಹಾಕುವ ಹೊತ್ತು ಹತ್ತಿರವಾಯಿತು. ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸದ್ದು.

"ನಮಸ್ಕಾರ್ರಿ. ಕೈ ಸೂಜಿ ಬಟ್ಟಿ ದಾಟಿ ಪೂರಾ ಆಚಿಗೆ ಹೋಗತೈತಿ. ಮಿಷನ್ ಸೂಜಿ ಹಂಗ ದಾಟಂಗಿಲ್ಲ, ತುದಿ ಅಷ್ಟ ಇಳದು ವಾಪಸ್ ಬರತೈತಿ. ಅದಕ್ಕ ದಾರ ತುದಿಯಾಗ ಇರಬೇಕು. ಕೆಳಗ ಬಾಬಿನ್ ದಾರ ಕಾಯ್ಕೊಂತ ಕುಂತಿರತೈತಿ. ಅದನ್ನ ಹಿಡಕೊಂಡು ಮ್ಯಾಲೆ ಬರತೈತಿ. ಎರಡೂ ಕೂಡಿದ್ರ ಹೊಲಗಿ." ಸ್ವಲ್ಪ ತಡೆದು, "ಇದು ಕಂಡೀನ್ರಿ."

ಆ ಕೊನೆಯ ಮಾತು ಹೇಳಬೇಕೆಂದು ಅವರಿಗೆ ಯಾರು ಹೇಳಿಕೊಟ್ಟಿದ್ದರೋ. ತಕ್ಷಣ ಕೊಟ್ರೇಶನ ದನಿ ಬಂತು, ಬಹಳ ಸಣ್ಣಗೆ: "ಚಾಚಾ, ನಮ್ಮವ್ವನ ಮಿಷನ್ನೂ ಕೆಟ್ಟೈತ್ರಿ. ಯಾವಾಗ ಬರ್ತೀರಿ?"

ಅದಕ್ಕೆ ಉತ್ತರ ಬರಲಿಲ್ಲ. "ಬಾಗ್ಲ ಹಾಕ್ತೀನ್ರಿ" ಎಂದರು ಮೇಡಂ.

ನಿವೃತ್ತಿಯ ನಂತರ ಕೂಡ್ಲಿಗಿಯ ಅವರ ಮನೆಗೆ ಹೋಗಿದ್ದೆ. ಗ್ರೂಪನ್ನು ಈಗ ಹಾಲಮ್ಮ ನೋಡಿಕೊಳ್ಳುತ್ತಾಳೆ. ಮಾಸ್ತರು ಬೇಡ, ತಾಯಿಯೇ ಇರಲಿ ಎಂದು ಇವರೇ ಪಟ್ಟು ಹಿಡಿದರಂತೆ. ಸಂಜೆ ಅವಳ ದನಿಯಲ್ಲಿ ಬಾಗಿಲು ತೆರೆಯುತ್ತದೆ. ಇವರು ಗ್ರೂಪಿನಿಂದ ಹೊರಗೆ ಬಂದಿದ್ದಾರೆ. ಫೋನನ್ನು ಟೀವಿಯ ಮೇಲೆ ಬೋರಲು ಹಾಕಿದ್ದರು. ಮುಖ ನಿದ್ದೆ ಮಾಡಿ ಎದ್ದವರ ಹಾಗೆ ಹಗುರವಾಗಿತ್ತು. ನಗುತ್ತಲೂ ಇದ್ದರು. 'ಹಸನ್ಮುಖಿ' ಎಂದು ಬರೆಯುವಷ್ಟಲ್ಲ.

ಆ ದಿನದ ಬಗ್ಗೆ ಬರೆಯುತ್ತಿದ್ದೇನೆ ಎಂದೆ. "ಅದು ಕೇಳಿದ್ದು ಅಂತ ಒಟ್ಟಿಗೆ ಹೇಳಿದ್ದು ಇಬ್ಬರೋ, ಮೂವರೋ, ಒಬ್ಬನೋ, ಈಗ ನನಗ ಖಾತ್ರಿ ಆಗವಲ್ದು ಮೇಡಂ. ನಿಮಗ ಹೆಂಗ ನೆನಪೈತಿ?"

"ನಾ ಅಲ್ಲಿರಲಿಲ್ಲಲ್ಲ ಸರ," ಎಂದರು. "ನನಗ ಅದು ಕೇಳಿದ್ದು. ನಿಮ್ಮ ಕಡೆಯಿಂದ ಕೇಳಿದ್ದು."

ಹಾಗಾದರೆ ಆ ಕಾಲರಿನಿಂದ ಕೈ ಇಳಿದದ್ದನ್ನು ಅವರು ಕಂಡೇ ಇಲ್ಲ. ಕೊನೆಯದೊಂದು ಮಾತು ಇದೆ, ಅದು ಅವರಿಗೂ ಕೇಳಿದ್ದು, ನನಗೂ ಕೇಳಿದ್ದು. ಸೂಜಿಯ ಪ್ರಶ್ನೆಯಾಗಿ ಸುಮಾರು ದಿನಗಳಾಗಿದ್ದವು. ಊರಿನಲ್ಲಿ ಮಿಷನ್ನುಗಳು ಒಂದೊಂದಾಗಿ ನಿಂತು, ಹಬ್ಬದ ಜಂಪರುಗಳು ಹೊಲಿಗೆಯಾಗದೆ ಉಳಿದಿದ್ದವು. ಒಂದು ಸಂಜೆ ಅವರು ಬಾಗಿಲು ತೆಗೆದು ಇನ್ನೂ ಪ್ರಶ್ನೆ ಇಟ್ಟಿರಲಿಲ್ಲ. ನಾವಿಬ್ಬರೂ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಿದ್ದೆವು. ಫೋನು ಟಿಂಗ್ ಎಂದಿತು. ಅವರು ಒತ್ತಿದರು. ಚಾಚಾ ಗಂಟಲು ಸರಿಮಾಡಿಕೊಳ್ಳುವ ಸದ್ದು, ಹಿಂದೆ ಯಾರದೋ ಮನೆಯ ಹೊಲಿಗೆ ಮಿಷನ್ನು ಓಡುವ ಸದ್ದು.

"ನಮಸ್ಕಾರ್ರಿ. ಕಂಡೀನಿ. ಹಾಲಮ್ಮನ ಮಗಳು ಇವತ್ತು ಮಧ್ಯಾಹ್ನ ಅಳಕೊಂತಾನ ಸಾಲಿಗೆ ಹೊಂಟಿದ್ಲು. ಗಾಡಿ ನಿಲ್ಲಿಸಿ, ಹತ್ತವ್ವಾ ಅಂದೆ. ಹತ್ತಿದ್ಲು. ಕ್ರಾಸಿನ್ಯಾಗ ಕುಂತವರು ಎಲ್ಲಾರೂ ಕಂಡಾರ. ಬೇಕಾದ್ರ ಕೇಳ್ರಿ."